ಬಾಲಕ್ಕೊಂದು ಶಿಲ್ಲಿಂಗ್

(ಪುತ್ತೂರಿನ ಹತ್ತಿರದ ಊರೊಂದರ ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕರೆಂಟು ಹೋಗಿ ಎಲ್ಲರೂ ಚಹಾ ಕುಡಿದ ಭಾಗವನ್ನು ಕೈಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿದ್ದ ವಿಷಯ ‘ಇಂಗ್ಲೆಂಡಿನ ವನ್ಯಜೀವಿಗಳು’. ಅಷ್ಟೆಲ್ಲ ಹೇಳಲು ನಾನು ವಿಜ್ಞಾನಿಯಲ್ಲ. ಒಂಬತ್ತು ವರ್ಷ ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸಿದವ. ಹಾಗಾಗಿ ಒಂದೇ ಪ್ರಾಣಿ ಹಿಡಿದುಕೊಂಡು ಬಂದಿದ್ದೇನೆ: ಅಳಿಲು. ನಮ್ಮ ಮೂರು ಗೆರೆಯ ಅಳಿಲಲ್ಲ. ಅಲ್ಲಿನ ಕೆಂಪಳಿಲು, ಬೂದಳಿಲು. ಅವೆರಡಕ್ಕಿಂತ ಹೆಚ್ಚಾಗಿ, ಅವನ್ನು ನೋಡುವ ಮನುಷ್ಯರ ಬಗ್ಗೆ.

ಪ್ರೆಸ್ಟನ್ ಅಂತ ಉತ್ತರ ಇಂಗ್ಲೆಂಡಿನ ಒಂದು ಊರು. ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲಿ ನದಿ ಪಕ್ಕದ ಪಾರ್ಕಿನ ಬೆಂಚಿನಲ್ಲಿ ಕೂತು ನೆಲಗಡಲೆ ತಿನ್ನುತ್ತಿದ್ದೆ. ಬೂದು ಬಣ್ಣದ, ಬೆಕ್ಕಿನ ಮರಿಯಷ್ಟು ದೊಡ್ಡ ಅಳಿಲೊಂದು ಬಂದು ನನ್ನ ಬೂಟಿನ ಮೇಲೆ ಕೈಯಿಟ್ಟು ನಿಂತಿತು. ನಮ್ಮೂರಿನ ಅಳಿಲಿಗೆ ಅಷ್ಟು ಧೈರ್ಯ ಎಲ್ಲಿ? ಖುಷಿಯಾಗಿ ನಾಲ್ಕು ಕಡಲೆ ಹಾಕಿದೆ. ಅಷ್ಟರಲ್ಲಿ ನಮ್ಮ ಬೀದಿಯ ಅಜ್ಜ ಒಬ್ಬರು ನಾಯಿ ಹಿಡಿದುಕೊಂಡು ಬಂದರು. ಎಪ್ಪತ್ತು ದಾಟಿದ ಮನುಷ್ಯ, ಮಾತು ಕಡಿಮೆ. ‘ಅದಕ್ಕೆ ತಿನ್ನಲು ಹಾಕಬೇಡ. ಅದು ಅಳಿಲಲ್ಲ, ಮರದ ಇಲಿ’ ಅಂದರು. ಯಾಕೆ ಅಂತ ಕೇಳಿದೆ. ‘ಹೊರದೇಶದಿಂದ ಬಂದದ್ದು. ನಮ್ಮದನ್ನು ಓಡಿಸಿಬಿಟ್ಟಿತು.’

ಆಗ ನನ್ನ ವೀಸಾಕ್ಕೆ ಸರಿಯಾಗಿ ಮೂರು ತಿಂಗಳಾಗಿತ್ತು.

(ಸಭೆ ನಕ್ಕಿತು. ನಾನು ಆವತ್ತು ನಗಲಿಲ್ಲ.)

ಅಜ್ಜ ನನ್ನ ಬಗ್ಗೆ ಹೇಳಿದ್ದಲ್ಲ ಅಂತ ಆಮೇಲೆ ಚೆನ್ನಾಗಿ ಗೊತ್ತಾಯಿತು. ಮರುದಿನ ನಮ್ಮ ಮನೆ ಬಾಗಿಲಿಗೆ ಬಂದು ಹೀಟರು ಸರಿಮಾಡಿ ಕೊಟ್ಟು ಹೋದರು. ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ಒಂದು ಅಳಿಲಿನ ಮೇಲೆ ಇಷ್ಟು ಸಿಟ್ಟು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಹುಡುಕಿದಷ್ಟೂ ಕಥೆ ತಿರುಗುಮುರುಗಾಯಿತು.

ಮೊದಲು ಎರಡು ಪ್ರಾಣಿಗಳ ಪರಿಚಯ ಮಾಡಿಕೊಡುತ್ತೇನೆ. ಕೆಂಪಳಿಲು ಚಿಕ್ಕದು, ತೂಕ ಸುಮಾರು 300 ಗ್ರಾಂ. ಕಿವಿಯ ತುದಿಯಲ್ಲಿ ಕೂದಲ ಜುಟ್ಟು, ಅದೂ ಚಳಿಗಾಲದಲ್ಲಿ ಎದ್ದು ಕಾಣುತ್ತದೆ. ಹೆಚ್ಚಿನ ಹೊತ್ತು ಮರದ ಮೇಲೆಯೇ. ಬೂದಳಿಲು ಅಮೆರಿಕದ ಪೂರ್ವ ಭಾಗದ್ದು, ತೂಕ ಅರ್ಧ ಕಿಲೋ ದಾಟುತ್ತದೆ. ಅದು ನೆಲದ ಮೇಲೂ ಆರಾಮಾಗಿ ಓಡಾಡುತ್ತದೆ. ಹೆಸರು ನಂಬಿ ಬಣ್ಣ ನೋಡಲು ಹೋದರೆ ಮೋಸ ಹೋಗುತ್ತೀರಿ. ಬೇಸಿಗೆಯಲ್ಲಿ ಬೂದಳಿಲಿನ ಪಕ್ಕೆಯಲ್ಲಿ ಕಂದುಗೆಂಪು ಇಣುಕುತ್ತದೆ, ಚಳಿಗಾಲದಲ್ಲಿ ಕೆಂಪಳಿಲಿನ ಬೆನ್ನು ಬೂದಿಗೆ ತಿರುಗುತ್ತದೆ. ‘ನಮ್ಮ ತೋಟಕ್ಕೆ ಕೆಂಪಳಿಲು ಬಂದಿದೆ!’ ಅಂತ ಸಂಭ್ರಮದಿಂದ ಫೋನು ಮಾಡಿದವರ ಮನೆಗೆ ಹೋಗಿ, ಅದು ಬೂದಳಿಲು ಅಂತ ಹೇಳಿ ಅವರ ಮುಖ ಸಪ್ಪೆಯಾಗುವುದನ್ನು ನಾನೇ ನೋಡಿದ್ದೇನೆ. ಒಂದು ನಿಮಿಷದ ಹಿಂದೆ ಅದು ಅವರ ಮನೆಯ ಅತಿಥಿ. ನಾನು ಬಾಯಿ ಬಿಟ್ಟದ್ದೇ ಕಳ್ಳನಾಯಿತು. ಪ್ರಾಣಿ ಅದೇ, ಬೇಲಿಯ ಮೇಲೆ ಕೂತು ಅದೇ ಕಾಯಿ ಕಡಿಯುತ್ತಿತ್ತು.

ಇಂಗ್ಲೆಂಡಿನಲ್ಲಿ ಲೆಚ್ವರ್ತ್ ಅಂತ ಒಂದು ಪಟ್ಟಣವಿದೆ. ಆ ಸುತ್ತಮುತ್ತ ಕಪ್ಪು ಅಳಿಲುಗಳಿವೆ. ಅವೂ ಬೂದಳಿಲುಗಳೇ, ವಂಶವಾಹಿಯ ಒಂದು ಬದಲಾವಣೆಯಿಂದ ಕಪ್ಪಾದವು. ಆದರೆ ಅಲ್ಲಿಯ ಜನಕ್ಕೆ ಅವು ‘ನಮ್ಮೂರಿನ ಕಪ್ಪಳಿಲು’, ಊರಿನ ಹೆಮ್ಮೆ. ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಬೂದಳಿಲು ಬ್ರಿಟನ್ನಿಗೆ ಬಂದದ್ದು ಹೇಗೆ? ಹಡಗಿನಲ್ಲಿ ಅಡಗಿ ಕೂತು ಬಂದದ್ದಲ್ಲ. ಕರೆಸಿಕೊಂಡದ್ದು. ದಾಖಲೆಯಲ್ಲಿ ಸಿಗುವ ಮೊದಲ ಬಿಡುಗಡೆ 1876ರದು. ಚೆಷೈರಿನ ಹೆನ್‌ಬರಿ ಪಾರ್ಕಿನಲ್ಲಿ ಥಾಮಸ್ ಬ್ರಾಕಲ್‌ಹರ್ಸ್ಟ್ ಎಂಬ ಶ್ರೀಮಂತ ಅಮೆರಿಕದಿಂದ ಒಂದು ಜೋಡಿ ತಂದು ತನ್ನ ಜಮೀನಿನಲ್ಲಿ ಬಿಟ್ಟ. ಯಾಕೆ ಅಂದರೆ ಚಂದಕ್ಕೆ. ಆ ಕಾಲದ ಜಮೀನ್ದಾರರಿಗೆ ಬೇರೆ ದೇಶದ ಗಿಡ, ಹಕ್ಕಿ, ಮೃಗ ತಂದು ತೋಟದಲ್ಲಿ ಬಿಡುವುದು ಒಂದು ಶೋಕಿ. ಆಮೇಲೆ 1890ರಲ್ಲಿ ವೋಬರ್ನ್ ಅರಮನೆಯ ಬೆಡ್‌ಫರ್ಡ್ ಡ್ಯೂಕ್ ಹತ್ತು ಅಳಿಲು ತರಿಸಿದ. ನಿಜವಾದ ಅನಾಹುತ ಶುರುವಾದದ್ದು ಅಲ್ಲಿಂದ, ಯಾಕೆಂದರೆ ಈ ಡ್ಯೂಕಿಗೆ ಕೊಡುಗೈ. ಗೆಳೆಯರಿಗೆ, ನೆಂಟರಿಗೆ, ಬೇರೆ ಬೇರೆ ಎಸ್ಟೇಟಿನವರಿಗೆ, ಲಂಡನ್ನಿನ ರೀಜೆಂಟ್ಸ್ ಪಾರ್ಕಿಗೆ ಅಳಿಲು ಹಂಚಿದ. ನಾವು ಮಲ್ಲಿಗೆ ಗೆಲ್ಲು ಕಡಿದು ಕೊಡುವ ಹಾಗೆ! 1911ರಲ್ಲಿ ಐರ್ಲೆಂಡಿನ ಲಾಂಗ್‌ಫರ್ಡ್ ಕೌಂಟಿಯ ಕ್ಯಾಸಲ್ ಫೋರ್ಬ್ಸ್‌ನಲ್ಲಿ ಮದುವೆಯ ಉಡುಗೊರೆಯಾಗಿ ಬೂದಳಿಲು ಹೋಯಿತು. ಇಡೀ ಐರ್ಲೆಂಡಿನ ಬೂದಳಿಲುಗಳ ಮೂಲ ಆ ಮುಯ್ಯಿ.

ಹೆನ್‌ಬರಿಯ ಆ ಮೊದಲ ಜೋಡಿಗೂ ನೂರು ವರ್ಷ ಹಿಂದಿನ ಒಂದು ಚಿಕ್ಕ ಕಥೆ ಇದೆ, ನನಗೆ ಬಹಳ ಇಷ್ಟ. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನಲ್ಲಿದ್ದಾಗ ಪರಿಚಯದ ಬಿಷಪ್ ಒಬ್ಬರ ಮಗಳಿಗೆ ಅಂತ ಫಿಲಡೆಲ್ಫಿಯದಿಂದ ಒಂದು ಬೂದಳಿಲು ತರಿಸಿಕೊಟ್ಟ. ಅದರ ಹೆಸರು ಮಂಗೋ. ಒಂದು ದಿನ ಪಂಜರ ಬಿಟ್ಟು ಹೊರಗೆ ಹೋದದ್ದು ನಾಯಿಯ ಬಾಯಿಗೆ ಸಿಕ್ಕಿತು. 1772ರಲ್ಲಿ ಆ ಹುಡುಗಿಗೆ ಫ್ರಾಂಕ್ಲಿನ್ ಬರೆದ ಸಮಾಧಾನದ ಕಾಗದದಲ್ಲಿ ಅಳಿಲಿಗೊಂದು ಚರಮಶ್ಲೋಕವೇ ಇದೆ. ಅಮೆರಿಕದ ಅಳಿಲು ಸತ್ತಿತು ಅಂತ ಇಂಗ್ಲೆಂಡಿನ ತೋಟವೊಂದರಲ್ಲಿ ಕಣ್ಣೀರು ಹಾಕಿದ ಕಾಲವದು. ಅದೇ ಫಿಲಡೆಲ್ಫಿಯ ಇರುವ ಪೆನ್ಸಿಲ್ವೇನಿಯದಲ್ಲಿ, ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲು, 1749ರಲ್ಲಿ, ಜೋಳ ತಿನ್ನುತ್ತವೆ ಅಂತ ಸರಕಾರವೇ ಅಳಿಲು ಒಂದಕ್ಕೆ ಮೂರು ಪೆನ್ಸ್ ಕೊಟ್ಟು ಆರು ಲಕ್ಷಕ್ಕೂ ಮಿಕ್ಕಿ ಕೊಲ್ಲಿಸಿತ್ತು. ಕೊನೆಗೆ ಖಜಾನೆಯೇ ಖಾಲಿಯಾಗುವ ಹೊತ್ತು ಬಂತು.

ಈ ಮೂರು ಪೆನ್ಸನ್ನು ನೆನಪಿಟ್ಟುಕೊಳ್ಳಿ. ನಾನು ಹುಡುಕುತ್ತಾ ಹೋದಲ್ಲೆಲ್ಲ ಅಳಿಲಿನ ಜೊತೆ ಯಾರೋ ಒಬ್ಬರು ಚಿಲ್ಲರೆ ಹಿಡಿದು ನಿಂತಿದ್ದರು.

ಇನ್ನು ಕೆಂಪಳಿಲಿಗೆ ಬರೋಣ. ಇವತ್ತು ಬ್ರಿಟನ್ನಿನಲ್ಲಿ ಅದು ಪೂಜೆಗೆ ಸಮ. ಗ್ರೀಟಿಂಗ್ ಕಾರ್ಡಿನಲ್ಲಿ, ಚಹಾದ ಕಪ್ಪಿನಲ್ಲಿ, ಅಂಚೆ ಚೀಟಿಯಲ್ಲಿ, ರಸ್ತೆ ಬದಿಯ ಎಚ್ಚರಿಕೆ ಫಲಕದಲ್ಲಿ, ಎಲ್ಲೆಲ್ಲೂ ಕೆಂಪಳಿಲು. ಒಟ್ಟು ಇರುವುದು ಮೂರು ಲಕ್ಷಕ್ಕೂ ಕಡಿಮೆ ಅಂತ ಅಂದಾಜು, ಅದರಲ್ಲೂ ಹೆಚ್ಚಿನವು ಸ್ಕಾಟ್ಲೆಂಡಿನಲ್ಲಿ. ಬೂದಳಿಲು ಇಪ್ಪತ್ತೈದು ಲಕ್ಷಕ್ಕೂ ಮೀರಿ. ‘ಇದು ನಮ್ಮ ಮಣ್ಣಿನ ಅಳಿಲು’ ಅನ್ನುತ್ತಾರೆ. ಅದು ನಿಜವೇ. ಹಿಮಯುಗದ ನಂತರ ತಾನಾಗಿ ಬಂದು ನೆಲೆಸಿದ ಪ್ರಾಣಿ ಅದು.

ಆದರೆ 1903ರಲ್ಲಿ ಸ್ಕಾಟ್ಲೆಂಡಿನ ಹೈಲ್ಯಾಂಡ್ ಪ್ರದೇಶದ ಜಮೀನ್ದಾರರು ಸೇರಿ ಒಂದು ಕ್ಲಬ್ ಮಾಡಿಕೊಂಡರು. ಹೆಸರು ಹೈಲ್ಯಾಂಡ್ ಸ್ಕ್ವಿರಲ್ ಕ್ಲಬ್. ಕ್ಲಬ್ ಅಂದರೆ ಅಳಿಲು ಪ್ರಿಯರ ಸಂಘ ಅಂದುಕೊಳ್ಳಬೇಡಿ. ಕೆಂಪಳಿಲುಗಳನ್ನು ಕೊಲ್ಲುವುದಕ್ಕೇ ಮಾಡಿದ ಕ್ಲಬ್. ಪೈನ್ ಮರದ ತೊಗಟೆ ಸುಲಿಯುತ್ತವೆ, ಎಳೆ ಚಿಗುರು ಕಡಿಯುತ್ತವೆ ಅಂತ ದೂರು. ಬಾಲ ತಂದುಕೊಟ್ಟವರಿಗೆ ಲೆಕ್ಕ ಹಾಕಿ ಪೆನ್ಸ್ ಕೊಡುತ್ತಿದ್ದರು. ಕೆಲವು ದಶಕಗಳಲ್ಲಿ ಹತ್ತಾರು ಸಾವಿರ ಕೆಂಪಳಿಲುಗಳು ಹೋದವು. ಇನ್ನೂ ತಮಾಷೆ ಏನೆಂದರೆ, ಅದಕ್ಕೆ ನೂರು-ನೂರಿಪ್ಪತ್ತು ವರ್ಷ ಹಿಂದೆ ಕಾಡು ಕಡಿದು ಸ್ಕಾಟ್ಲೆಂಡಿನ ಬಹುಭಾಗದಲ್ಲಿ ಕೆಂಪಳಿಲು ಅಳಿದುಹೋದಾಗ, ಇಂಥದೇ ಜಮೀನ್ದಾರರು ಸ್ಕ್ಯಾಂಡಿನೇವಿಯದಿಂದ ಕೆಂಪಳಿಲು ತರಿಸಿ ಬಿಟ್ಟಿದ್ದರು. ಐರ್ಲೆಂಡಿನಲ್ಲೂ ಹೀಗೇ, ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ತಂದು ಮತ್ತೆ ಬಿಟ್ಟದ್ದು. ಹಾಗಾಗಿ ‘ನಮ್ಮ ಮಣ್ಣಿನದು’ ಎಂಬ ಮಾತಿನ ಕೆಳಗೆ ಎಷ್ಟೋ ಹಡಗಿನ ಟಿಕೇಟುಗಳಿವೆ.

ಅದೇ 1903ರಲ್ಲಿ, ಅಂದರೆ ಕ್ಲಬ್ ಶುರುವಾದ ವರ್ಷವೇ, ಬಿಯಾಟ್ರಿಕ್ಸ್ ಪಾಟರ್ ಬರೆದ ‘ಸ್ಕ್ವಿರಲ್ ನಟ್ಕಿನ್’ ಎಂಬ ಮಕ್ಕಳ ಪುಸ್ತಕ ಹೊರಬಂತು. ಅದರ ನಾಯಕ ಒಬ್ಬ ತುಂಟ ಕೆಂಪಳಿಲು. ಆ ಚಿತ್ರ ನೋಡುತ್ತಾ ಮಲಗಿದ ಮಕ್ಕಳು ಬೆಳೆದು ಕೆಂಪಳಿಲನ್ನು ಮನೆಯ ಮಗುವಿನ ಹಾಗೆ ಕಂಡರು. ಉತ್ತರದ ಕಾಡಿನಲ್ಲಿ ಅದೇ ಹೊತ್ತಿಗೆ ಕೋವಿ ಸದ್ದು. ಓದುವ ಮನೆಗೂ ಮರ ಮಾರುವ ಮನೆಗೂ ಅಳಿಲು ಒಂದೇ ಆಗಿರಲಿಲ್ಲ.

ಐವತ್ತು ವರ್ಷ ಮುಂದೆ ಬನ್ನಿ. ಅಷ್ಟರಲ್ಲಿ ಬೂದಳಿಲಿನ ಬಗ್ಗೆ ಮನಸ್ಸು ಕೆಟ್ಟಿತ್ತು. 1937ರಲ್ಲೇ ಅದನ್ನು ತರುವುದನ್ನೂ ಸಾಕುವುದನ್ನೂ ಸರಕಾರ ನಿಷೇಧಿಸಿತ್ತು. 1953ರಲ್ಲಿ ಒಂದು ಬಾಲಕ್ಕೆ ಒಂದು ಶಿಲ್ಲಿಂಗ್, ಅಂದರೆ ಹನ್ನೆರಡು ಪೆನ್ಸ್, ಅಂತ ಘೋಷಿಸಿದರು. ಆಮೇಲೆ ಅದು ಎರಡು ಶಿಲ್ಲಿಂಗ್ ಆಯಿತು. 1958ರಲ್ಲಿ ನಿಲ್ಲಿಸಿದರು. ಹಣ ಹೋಯಿತು, ಬಾಲ ರಾಶಿಯಾಯಿತು, ಅಳಿಲು ಮಾತ್ರ ಕಡಿಮೆಯಾಗಲಿಲ್ಲ. ಯಾಕೆ ಅಂದರೆ ಸುಲಭದಲ್ಲಿ ಸಿಗುವಲ್ಲಿ ಹೊಡೆದು ದುಡ್ಡು ತೆಗೆದುಕೊಂಡರೆ ಕಷ್ಟದ ಜಾಗಕ್ಕೆ ಯಾರು ಹೋಗುತ್ತಾರೆ? ಖಾಲಿಯಾದ ಜಾಗಕ್ಕೆ ಪಕ್ಕದ ಕಾಡಿನಿಂದ ಹೊಸದು ಬರುತ್ತದೆ. ನಮ್ಮಲ್ಲಿ ಕಾಡುಹಂದಿ ಕಾಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೀದಿಯ ಅಜ್ಜ 1953ರಲ್ಲಿ ಹದಿನಾಲ್ಕು ವರ್ಷದ ಹುಡುಗ. ಆ ಶಿಲ್ಲಿಂಗಿನ ಗಿರಾಕಿ ಅವರು. ಬಾಲಗಳನ್ನು ದಾರಕ್ಕೆ ಕಟ್ಟಿ ಸೈಕಲ್ಲಿಗೆ ನೇತುಹಾಕಿ ಹೋಗುತ್ತಿದ್ದರಂತೆ. ಮೊದಲ ದುಡ್ಡಿನಲ್ಲಿ ತಾಯಿಗೆ ಕೈಗವಸು ತಂದರಂತೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ಅಳಿಲಿನ ಮೇಲಿನ ಸಿಟ್ಟು ಒಂದು ಚೂರೂ ಇರಲಿಲ್ಲ. ದುಡಿದ ಖುಷಿ ಇತ್ತು, ಅಷ್ಟೆ.

ಅದೇ 1953ರಲ್ಲಿ ಎಲ್ಸಿ ಮಿಲ್ಸ್ ಎಂಬ ಮಹಿಳೆ ಅಪಘಾತ ತಡೆಯುವ ಸಂಸ್ಥೆಯೊಂದಕ್ಕಾಗಿ ಟಫ್ಟಿ ಎಂಬ ಪಾತ್ರ ಸೃಷ್ಟಿಸಿದರು. ಮಕ್ಕಳಿಗೆ ರಸ್ತೆ ದಾಟುವುದು ಹೇಗೆ ಅಂತ ಕಲಿಸುವ ಅಳಿಲು. ಯಾವ ಬಣ್ಣ ಅಂತ ಕೇಳಬೇಡಿ, ಕೆಂಪೇ. 1961ರಿಂದ ಟಫ್ಟಿ ಕ್ಲಬ್ ಶುರುವಾಗಿ ಲಕ್ಷಗಟ್ಟಲೆ ಮಕ್ಕಳು ಸದಸ್ಯರಾದರು. ಅಜ್ಜನ ಮಗಳೂ ಸದಸ್ಯೆ. ಅವಳ ಟಫ್ಟಿ ಬ್ಯಾಜು ಅವರ ಅಡುಗೆಮನೆಯ ಕಿಟಕಿ ಹತ್ತಿರ ಒಂದು ಡಬ್ಬಿಯಲ್ಲಿತ್ತು, ನನಗೆ ತೋರಿಸಿದ್ದಾರೆ. ಅಪ್ಪ ಬಾಲ ಮಾರಿದವ, ಮಗಳು ಬ್ಯಾಜು ಹಾಕಿಕೊಂಡವಳು. ಒಂದೇ ಮನೆ.

ಈಗ ಭಾಷೆಯ ಮಾತು. 2006ರಲ್ಲಿ ಬ್ರಿಟನ್ನಿನ ಮೇಲ್ಮನೆಯಲ್ಲಿ ಬೂದಳಿಲಿನ ಬಗ್ಗೆ ಚರ್ಚೆಯಾಯಿತು. ಅಲ್ಲಿ ಲೇಡಿ ಸಾಲ್ಟೂನ್ ಎಂಬ ಸದಸ್ಯೆ ಆಡಿದ ಮಾತಿನ ಸಾರ ಹೀಗೆ: ಕೆಂಪಳಿಲುಗಳು ಸದ್ದಿಲ್ಲದ, ಮರ್ಯಾದಸ್ಥ ಜನರ ಹಾಗೆ, ಯಾರಿಗೂ ತೊಂದರೆ ಕೊಡದೆ, ಬೂದಳಿಲುಗಳ ಹಾಗೆ ಪತ್ರಿಕೆಯಲ್ಲಿ ಹೆಸರು ಬರಿಸಿಕೊಳ್ಳದೆ ಇರುವಂಥವು. ತಮಾಷೆಯ ಧಾಟಿ ಇರಬಹುದು. ಆದರೆ ಆ ತಮಾಷೆಯಲ್ಲಿ ಅಳಿಲು ಎಷ್ಟಿದೆ, ಮನುಷ್ಯರು ಎಷ್ಟಿದ್ದಾರೆ? ‘ದಾಳಿಕೋರ’, ‘ಅಮೆರಿಕದ ಒರಟ’, ‘ಮರದ ಇಲಿ’ ಎಂಬ ಮಾತುಗಳನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಂದವನು ಒರಟ, ಇದ್ದವನು ಸಭ್ಯ, ಹೆಚ್ಚು ಮರಿ ಹಾಕುತ್ತಾನೆ, ನಮ್ಮ ಪಾಲು ತಿನ್ನುತ್ತಾನೆ, ರೋಗ ತರುತ್ತಾನೆ. ಈ ಪಟ್ಟಿಯನ್ನು ನೀವು ಬೇರೆಲ್ಲೂ ಕೇಳಿಲ್ಲವೇ? ಬೂದಳಿಲು ಹುಟ್ಟಿದ್ದೂ ಅಲ್ಲಿಯೇ, ಅದರ ಅಜ್ಜನ ಅಜ್ಜ ಹುಟ್ಟಿದ್ದೂ ಅಲ್ಲಿಯೇ. ಆದರೂ ಅದು ‘ಅಮೆರಿಕದ್ದು’.

ಇಷ್ಟು ಹೇಳಿದ್ದಕ್ಕೆ ನಾನು ಬೂದಳಿಲಿನ ವಕೀಲ ಅಂದುಕೊಳ್ಳಬೇಡಿ. ಇಲ್ಲೇ ವಿಷಯ ಗಟ್ಟಿಯಾಗುವುದು. ಬಯ್ಗುಳ ಕೆಟ್ಟದ್ದು ಅಂದ ಮಾತ್ರಕ್ಕೆ ದೂರು ಸುಳ್ಳಲ್ಲ.

ಬೂದಳಿಲು ಬಂದಲ್ಲೆಲ್ಲ ಕೆಂಪಳಿಲು ಮಾಯವಾಗಿದೆ, ಇದು ಕಣ್ಣಿಗೆ ಕಾಣುವ ಸತ್ಯ. ಅವು ಕಚ್ಚಾಡುವುದಿಲ್ಲ. ಎದುರಾದರೆ ತಮ್ಮ ಪಾಡಿಗೆ ಹೋಗುತ್ತವೆ. ಕೆಲಸ ಮಾಡುವುದು ಹೊಟ್ಟೆ. ಓಕ್ ಮರದ ಕಾಯಿಯನ್ನು ಬೂದಳಿಲು ಚೆನ್ನಾಗಿ ಜೀರ್ಣಿಸಿಕೊಳ್ಳುತ್ತದೆ, ಕೆಂಪಳಿಲಿಗೆ ಅದು ಅಷ್ಟಾಗಿ ಆಗಿಬರುವುದಿಲ್ಲ. ಹ್ಯಾಜೆಲ್ ಕಾಯಿ ಬಲಿಯುವ ಮೊದಲೇ ಬೂದಳಿಲು ಮುಗಿಸಿರುತ್ತದೆ. ಒಂದೇ ಅಳತೆಯ ಅಗಲೆಲೆ ಕಾಡಿನಲ್ಲಿ ಕೆಂಪಳಿಲಿಗಿಂತ ಎಷ್ಟೋ ಪಟ್ಟು ಹೆಚ್ಚು ಬೂದಳಿಲು ಹಿಡಿಯುತ್ತವೆ. ಅರೆಹೊಟ್ಟೆಯ ಕೆಂಪಳಿಲಿನ ಮರಿಗಳು ಮೊದಲ ಚಳಿಗಾಲ ದಾಟುವುದಿಲ್ಲ. ಸದ್ದಿಲ್ಲದೆ, ಹತ್ತು-ಹದಿನೈದು ವರ್ಷದಲ್ಲಿ, ಕಾಡು ಬಣ್ಣ ಬದಲಿಸುತ್ತದೆ.

ಅದರ ಮೇಲೆ ಸಿಡುಬು, ಅಳಿಲಿನ ಸಿಡುಬು. ಬೂದಳಿಲಿನ ಮೈಯಲ್ಲಿ ಈ ವೈರಸ್ಸು ಹಾಯಾಗಿರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಕೆಂಪಳಿಲಿಗೆ ತಗುಲಿದರೆ ಕಣ್ಣು, ಬಾಯಿ, ಬೆರಳುಗಳ ಸುತ್ತ ಹುಣ್ಣಾಗಿ, ತಿನ್ನಲಾಗದೆ ಸುಮಾರು ಎರಡು ವಾರದಲ್ಲಿ ಸಾಯುತ್ತದೆ. ಪ್ರೆಸ್ಟನ್ನಿನಿಂದ ಹೆಚ್ಚು ದೂರವಿಲ್ಲದ ಫಾರ್ಮ್‌ಬಿ ಎಂಬಲ್ಲಿ ಸಮುದ್ರದ ದಂಡೆಯ ಪೈನ್ ತೋಪಿನಲ್ಲಿ ಕೆಂಪಳಿಲುಗಳಿವೆ. ಜನ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗುತ್ತಾರೆ. 2007-08ರಲ್ಲಿ ಅಲ್ಲಿ ಸಿಡುಬು ಬಂದು ಐದರಲ್ಲಿ ನಾಲ್ಕು ಪಾಲು ಸತ್ತವು. ಉಳಿದ ಒಂದು ಪಾಲಿನಿಂದ ನಿಧಾನ ಚೇತರಿಸಿಕೊಂಡವು. ನಾನು ವಾರಾಂತ್ಯಗಳಲ್ಲಿ ಆ ಕಡೆ ಹೋಗುತ್ತಿದ್ದೆ. ಕೆಂಪಳಿಲನ್ನು ಮೊದಲು ಕಂಡದ್ದು ಅಲ್ಲಿಯೇ, ಒಂದು ಬೆಳಿಗ್ಗೆ. ಬಿಸಿಲು ಅದರ ಕಿವಿಯ ಜುಟ್ಟಿನ ಹಿಂದಿನಿಂದ ಬರುತ್ತಿತ್ತು. ಕೆಂಡದ ತುಂಡು ಮರ ಹತ್ತಿದ ಹಾಗೆ. ಅಷ್ಟು ಹೊತ್ತು ತಲೆಯಲ್ಲಿ ಕಟ್ಟಿಕೊಂಡಿದ್ದ ವಾದಗಳೆಲ್ಲ ಒಂದು ನಿಮಿಷ ಸುಮ್ಮನಾದವು. ಇದು ಉಳಿಯಬೇಕು ಅನ್ನಿಸಿತು. ಇದನ್ನೂ ನಿಮಗೆ ಹೇಳದೆ ಇದ್ದರೆ ತಪ್ಪಾಗುತ್ತದೆ.

ಉಳಿಸುವುದು ಹೇಗೆ? ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ ಉಳಿಸಿದ್ದಾರೆ. ಅಲ್ಲಿಗೆ ಬೂದಳಿಲು ಸೇತುವೆ ಮೇಲಿನಿಂದ ಬಂದಿತ್ತು. 1998ರಲ್ಲಿ ಕೆಲಸ ಶುರುಮಾಡುವಾಗ ಇಡೀ ದ್ವೀಪದಲ್ಲಿ ಉಳಿದಿದ್ದ ಕೆಂಪಳಿಲು ನಲ್ವತ್ತರ ಆಸುಪಾಸು. ಬೋನಿಟ್ಟು ಬೂದಳಿಲುಗಳನ್ನು ಒಂದೊಂದಾಗಿ ಹಿಡಿದು ಕೊಂದರು. ಮೃಗಾಲಯದಲ್ಲಿ ಬೆಳೆಸಿದ ಕೆಂಪಳಿಲುಗಳನ್ನು ತಂದು ಬಿಟ್ಟರು. 2015ರಲ್ಲಿ ದ್ವೀಪ ಬೂದಳಿಲಿನಿಂದ ಮುಕ್ತ ಅಂತ ಘೋಷಿಸಿದರು. ಈಗ ಕೆಂಪಳಿಲುಗಳು ನೂರಾರು. ಕೊಂದರು ಎಂಬ ಶಬ್ದವನ್ನು ನಾನು ನುಂಗುವುದಿಲ್ಲ. ಅಲ್ಲಿಯ ವರದಿಗಳಲ್ಲಿ ‘ನಿಯಂತ್ರಣ’, ‘ನಿರ್ವಹಣೆ’ ಅಂತೆಲ್ಲ ಬರೆಯುತ್ತಾರೆ. ಮಾಡಿದ್ದು ಕೊಲೆ. ಮಾಡಬೇಕಿತ್ತೇ ಅಂತ ಕೇಳಿದರೆ, ಆ ದ್ವೀಪದ ಮಟ್ಟಿಗೆ ಹೌದು ಅನ್ನುತ್ತೇನೆ. ಒಪ್ಪದವರು ಚರ್ಚೆಯ ಹೊತ್ತಿಗೆ ಬನ್ನಿ.

ಯಾಕೆಂದರೆ ತಡಮಾಡಿದರೆ ಏನಾಗುತ್ತದೆ ಅನ್ನುವುದನ್ನು ಇಟಲಿ ತೋರಿಸಿದೆ. 1948ರಲ್ಲಿ ಟ್ಯೂರಿನ್ ಹತ್ತಿರ ಸ್ಟುಪಿನೀಜಿಯಲ್ಲಿ ಎರಡು ಜೋಡಿ ಬೂದಳಿಲು ಬಿಟ್ಟಿದ್ದರು. 1997ರಲ್ಲಿ, ಇನ್ನೂ ಕಡಿಮೆ ಇರುವಾಗಲೇ, ತೆಗೆಯಲು ಅಧಿಕಾರಿಗಳು ಹೊರಟರು. ಪ್ರಾಣಿದಯಾ ಸಂಘದವರು ಕೋರ್ಟಿಗೆ ಹೋದರು. ಅಧಿಕಾರಿಗಳ ಮೇಲೆ ಕ್ರೌರ್ಯದ ಮೊಕದ್ದಮೆ ನಡೆದು, 2000ದಲ್ಲಿ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ಅಷ್ಟರಲ್ಲಿ ಅಳಿಲು ಕೈಮೀರಿ ಹಬ್ಬಿತ್ತು. ಆಗ ಇದ್ದ ಅಳಿಲುಗಳ ಮೇಲಿನ ದಯೆ ಮುಂದೆ ಅದಕ್ಕಿಂತ ಹೆಚ್ಚು ಅಳಿಲುಗಳ ಸಾವಿನ ಲೆಕ್ಕಕ್ಕೆ ಹೋಯಿತು. ಆದರೆ ಆ ಸಂಘದವರನ್ನು ಮೂರ್ಖರು ಅನ್ನಲೂ ನನಗೆ ಬಾಯಿ ಬಾರದು. ಪಾರ್ಕಿನಲ್ಲಿ ಕೈಯಿಂದ ಕಡಲೆ ತೆಗೆದುಕೊಳ್ಳುವ ಪ್ರಾಣಿಯನ್ನು ಬೋನಿನಲ್ಲಿ ನೋಡಿದ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ನಗರದಲ್ಲಿ ಹುಟ್ಟಿದ ಮಗುವಿಗೆ ಕಾಡುಪ್ರಾಣಿ ಅಂದರೆ ಅದೊಂದೇ.

ಬ್ರಿಟನ್ನಿನ ಕಾನೂನು ಈಗ ವಿಚಿತ್ರ ಜಾಗದಲ್ಲಿ ನಿಂತಿದೆ. ನಿಮ್ಮ ಹಿತ್ತಲಿನ ಬೋನಿಗೆ ಬೂದಳಿಲು ಬಿತ್ತು ಅಂತ ಇಟ್ಟುಕೊಳ್ಳಿ. ಬಾಗಿಲು ತೆರೆದು ಬಿಟ್ಟರೆ ಅಪರಾಧ. ಸಾಕಿದರೂ ಅಪರಾಧ. ಕೊಲ್ಲಬಹುದು, ಆದರೆ ನೋವಾಗದಂತೆ ಕೊಲ್ಲಬೇಕು. 2010ರಲ್ಲಿ ಒಬ್ಬರು ಬೋನಿಗೆ ಬಿದ್ದ ಬೂದಳಿಲನ್ನು ನೀರಿನಲ್ಲಿ ಮುಳುಗಿಸಿ ಕೊಂದದ್ದಕ್ಕೆ ಕೋರ್ಟು ಶಿಕ್ಷೆ ಕೊಟ್ಟಿತು. ಗಾಯಗೊಂಡ ಬೂದಳಿಲನ್ನು ಶುಶ್ರೂಷೆ ಮಾಡಿ ಮತ್ತೆ ಬಿಡಲು ಕೆಲವು ಆಶ್ರಯ ಕೇಂದ್ರಗಳಿಗೆ ಇದ್ದ ಪರವಾನಗಿಯೂ 2019ರಲ್ಲಿ ನಿಂತಿತು. ರಸ್ತೆಯಲ್ಲಿ ಬಿದ್ದ ಮರಿಯನ್ನು ಮಗು ಎತ್ತಿಕೊಂಡು ಬಂದರೆ ಅದಕ್ಕೆ ಏನು ಹೇಳುವುದು?

ಈಗಿನ ರಾಜ ಚಾರ್ಲ್ಸ್ ಯುವರಾಜರಾಗಿದ್ದಾಗಿನಿಂದ ಕೆಂಪಳಿಲಿನ ಪಕ್ಷ. ಸ್ಕಾಟ್ಲೆಂಡಿನ ತಮ್ಮ ಮನೆಯೊಳಗೆ ಕೆಂಪಳಿಲು ಬರುತ್ತವೆ, ಕುರ್ಚಿಗೆ ನೇತುಹಾಕಿದ ಕೋಟಿನ ಕಿಸೆಯಲ್ಲಿ ಕಾಯಿ ಇಟ್ಟರೆ ತೆಗೆಯುತ್ತವೆ ಅಂತ ಅವರೇ ಹೇಳಿಕೊಂಡಿದ್ದಾರೆ. ಬೂದಳಿಲಿಗೆ ಸಂತಾನ ನಿಯಂತ್ರಣದ ಔಷಧಿಯನ್ನು ಹ್ಯಾಜೆಲ್ ಕಾಯಿಯ ಸಿಹಿ ಮುದ್ದೆಯಲ್ಲಿಟ್ಟು ತಿನ್ನಿಸುವ ಸಂಶೋಧನೆಗೂ ಅವರ ಬೆಂಬಲವಿದೆ. ಒಂದು ಕಿಸೆಯಲ್ಲಿ ಕಾಯಿ, ಇನ್ನೊಂದು ಕಿಸೆಯಲ್ಲಿ ಗುಳಿಗೆ ಅಂತ ನಾನು ತಮಾಷೆ ಮಾಡಿದ್ದುಂಟು. ಆದರೆ ಬೋನು, ಕೋವಿಗಿಂತ ಇದು ವಾಸಿ. ಕೆಲಸ ಮಾಡಿದರೆ.

ನನಗೆ ಇಷ್ಟವಾದ ದಾರಿ ಇನ್ನೊಂದು. ಪೈನ್ ಮಾರ್ಟನ್ ಅಂತ ಮುಂಗುಸಿಯ ಹಾಗೆ ಉದ್ದ ಮೈಯ, ಕತ್ತಿನಲ್ಲಿ ಕೆನೆ ಬಣ್ಣದ ಪಟ್ಟಿಯಿರುವ ಪ್ರಾಣಿಯಿದೆ. ಇದರ ಸೋದರ ಸಂಬಂಧಿ ನಮ್ಮ ಕೊಡಗಿನ ಕಾಡಿನಲ್ಲೂ ಉಂಟು, ನೀಲಗಿರಿ ಮಾರ್ಟನ್. ಕಂಡವರು ಬಹಳ ಕಡಿಮೆ. ಪೈನ್ ಮಾರ್ಟನ್ ಅಳಿಲು ಹಿಡಿಯುತ್ತದೆ. ಐರ್ಲೆಂಡಿನ ಮಧ್ಯಭಾಗದಲ್ಲಿ ಅದು ಮತ್ತೆ ಹೆಚ್ಚಿದ ಕಡೆ ಬೂದಳಿಲು ಕುಸಿದು ಕೆಂಪಳಿಲು ವಾಪಸು ಬಂದದ್ದನ್ನು ಸಂಶೋಧಕರು 2014ರ ಹೊತ್ತಿಗೆ ತೋರಿಸಿದರು. ಆಮೇಲೆ ಸ್ಕಾಟ್ಲೆಂಡಿನಲ್ಲೂ ಅದೇ ಕಂಡಿತು. ಕೆಂಪಳಿಲಿಗೆ ಇದರ ವಾಸನೆ ಸಾವಿರಾರು ವರ್ಷಗಳ ಪರಿಚಯ, ಮೂಗಿಗೆ ಬಡಿದರೆ ಜಾಗ ಖಾಲಿ. ಬೂದಳಿಲಿಗೆ ಆ ಪಾಠವಿಲ್ಲ. ಮೈ ಭಾರ, ನೆಲದಲ್ಲಿ ಓಡಾಟ ಬೇರೆ. ಹಾಗಾದರೆ ಇಷ್ಟು ವರ್ಷ ಪೈನ್ ಮಾರ್ಟನ್ ಎಲ್ಲಿತ್ತು? ಬೇಟೆಗೆಂದು ಸಾಕುವ ಫೆಸೆಂಟ್ ಹಕ್ಕಿಯ ಮೊಟ್ಟೆ-ಮರಿ ತಿನ್ನುತ್ತದೆ ಅಂತ ಎಸ್ಟೇಟುಗಳ ಕಾವಲುಗಾರರು ಅದನ್ನು ಇಂಗ್ಲೆಂಡು, ವೇಲ್ಸುಗಳಿಂದ ಹೆಚ್ಚುಕಡಿಮೆ ಅಳಿಸಿಬಿಟ್ಟಿದ್ದರು. ಬೂದಳಿಲು ತರಿಸಿದ್ದು ಯಾವ ವರ್ಗದ ಜನವೋ, ಅದನ್ನು ಹಿಡಿಯಬಲ್ಲ ಪ್ರಾಣಿಯನ್ನು ಮೊದಲೇ ಮುಗಿಸಿದ್ದೂ ಅದೇ ಜನ. ಈಚಿನ ವರ್ಷಗಳಲ್ಲಿ ಸ್ಕಾಟ್ಲೆಂಡಿನಿಂದ ಹಿಡಿದು ತಂದು ವೇಲ್ಸ್‌ನಲ್ಲಿ, ಇಂಗ್ಲೆಂಡಿನ ಡೀನ್ ಕಾಡಿನಲ್ಲಿ ಬಿಟ್ಟಿದ್ದಾರೆ. ಪಟ್ಟಣದ ಪಾರ್ಕುಗಳಿಗೆ ಅದು ಬರುವುದಿಲ್ಲ, ಅಲ್ಲಿ ಬೂದಳಿಲು ಕ್ಷೇಮ.

ಮತ್ತೊಂದು ಸಂಗತಿ, ಕೀಲ್ಡರ್ ಕಾಡು. ಇಂಗ್ಲೆಂಡಿನಲ್ಲಿ ಉಳಿದ ಕೆಂಪಳಿಲುಗಳ ದೊಡ್ಡ ಪಾಲು ಇರುವುದು ಅಲ್ಲಿ. ಅದು ಹಳೆಯ ಕಾಡಲ್ಲ, ಕಳೆದ ಶತಮಾನದಲ್ಲಿ ನೆಟ್ಟ ತೋಪು. ಹೆಚ್ಚಿನದು ಸಿಟ್ಕಾ ಸ್ಪ್ರೂಸ್ ಎಂಬ ಸೂಜಿಯೆಲೆಯ ಮರ. ಅದರ ಬೀಜ ಸಾಸಿವೆಯಷ್ಟು ಚಿಕ್ಕದು, ಬೂದಳಿಲಿನ ದೊಡ್ಡ ಹೊಟ್ಟೆಗೆ ಸಾಲದು. ಅದಕ್ಕೇ ಅಲ್ಲಿ ಕೆಂಪಳಿಲು ಬದುಕಿದೆ. ಈ ಸಿಟ್ಕಾ ಸ್ಪ್ರೂಸ್ ಎಲ್ಲಿಯ ಮರ ಗೊತ್ತೇ? ಉತ್ತರ ಅಮೆರಿಕದ್ದು.

ನಮ್ಮ ಕಡೆಗೂ ಒಂದು ಮಾತು. ರಾಮ ಬೆನ್ನು ಸವರಿದ ಅಳಿಲು, ಅಳಿಲ ಸೇವೆ, ಇದೆಲ್ಲ ನಮಗೆ ಗೊತ್ತು. ಉತ್ತರ ಭಾರತದಲ್ಲಿ ಬೆನ್ನಿನ ಮೇಲೆ ಐದು ಗೆರೆಯ ಅದರ ತಂಗಿಯಿದೆ. 1898ರಲ್ಲಿ ಆಸ್ಟ್ರೇಲಿಯದ ಪರ್ತ್ ಮೃಗಾಲಯದಲ್ಲಿ ಅದನ್ನು ಬಿಟ್ಟರು. ಇವತ್ತು ಅಲ್ಲಿಯ ಸರಕಾರದ ಲೆಕ್ಕದಲ್ಲಿ ಅದು ಹೊರಗಿನಿಂದ ಬಂದ ಉಪದ್ರವದ ಪ್ರಾಣಿ. ಪರ್ತ್‌ನಲ್ಲಿರುವ ಕನ್ನಡಿಗರು ಯಾರಾದರೂ ಅದಕ್ಕೆ ಕಡಲೆ ಹಾಕಿ ಬಯ್ಸಿಕೊಂಡಿದ್ದಾರೋ ಏನೋ.

ಊರಿಗೆ ವಾಪಸು ಬರುವ ಮುಂಚೆ ಅಜ್ಜನಿಗೆ ನಮ್ಮ ಅಳಿಲಿನ ಫೋಟೋ ತೋರಿಸಿದ್ದೆ. ನಮ್ಮ ಅಂಗಳದ ಕಟ್ಟೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದದ್ದು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ದೇವರು ಬೆನ್ನು ಸವರಿದ್ದು, ಸೇತುವೆಗೆ ಮರಳು ಹೊತ್ತದ್ದು ಎಲ್ಲ ಹೇಳಿದೆ. ಗಂಭೀರವಾಗಿ ಕೇಳಿ, ‘ಅಲ್ಲಿ ಇದರ ಬಾಲಕ್ಕೆ ಯಾರೂ ದುಡ್ಡು ಕೊಡಲಿಲ್ಲವೇ?’ ಅಂದರು.

ಇಲ್ಲಿ ಕೂತ ಹಿರಿಯರಿಗೆ ನೆನಪಿರಬಹುದು. ಅಡಿಕೆ ತೋಟಕ್ಕೆ ಕೊಕ್ಕೋ ಹೊಸದಾಗಿ ಬಂದ ಕಾಲ, ಪುತ್ತೂರಿನ ಚಾಕಲೇಟು ಫ್ಯಾಕ್ಟರಿ ಇನ್ನೂ ಆಗಿರಲಿಲ್ಲ. ಹಣ್ಣಾದ ಕೊಕ್ಕೋ ಕಾಯಿಯನ್ನು ಅಳಿಲು ತೂತು ಮಾಡಿ ಬೀಜದ ಸುತ್ತಲಿನ ಸಿಹಿ ಹೀರಿ ಹೋಗುತ್ತಿತ್ತು. ನನಗಾಗ ಹತ್ತು ವರ್ಷ, ಕೈಯಲ್ಲಿ ಕವಣೆ. ನನ್ನ ಅಜ್ಜ ಬೆಳಗ್ಗೆ ರಾಮಾಯಣ ಪಾರಾಯಣ ಮುಗಿಸಿ, ಮಧ್ಯಾಹ್ನ ಜಗಲಿಯಲ್ಲಿ ಕೂತು, ತಂದ ಬಾಲ ಎಣಿಸಿ ಲೆಕ್ಕ ಚುಕ್ತಾ ಮಾಡುತ್ತಿದ್ದರು.

‘ಕೊಡುತ್ತಿದ್ದರು’ ಅಂದೆ. ‘ಬಾಲಕ್ಕೆ ನಾಲ್ಕಾಣೆ.’

‘ಶಿಲ್ಲಿಂಗಿನ ಲೆಕ್ಕದಲ್ಲಿ ಎಷ್ಟಾಗುತ್ತದೆ?’

ಬೆರಳು ಮಡಚಿ ಅಂದಾಜು ಹಾಕಿ ಹೇಳಿದೆ. ಅಜ್ಜ ಫೋನು ವಾಪಸು ಕೊಡುತ್ತಾ, ‘ನಿನಗೆ ಮೋಸ ಮಾಡಿದ್ದಾರೆ’ ಅಂದರು.